ಮುಗಿಲು ಹೋಗಲಿ, ಮಾರಿ ಉಳಿಯಲಿ

ಕಲಬುರಗಿ ಜಿಲ್ಲೆಯ ವಾಡಿಯಿಂದ ಶಹಾಬಾದಿನ ಕಡೆ ಹೋಗುವಾಗ ಬೆಳಕು ಮೇಲಿನಿಂದಷ್ಟೇ ಬೀಳುವುದಿಲ್ಲ, ನೆಲದಿಂದಲೂ ಏಳುತ್ತದೆ. ಅಲ್ಲಲ್ಲಿ ಫರ್ಸಿ ಕಲ್ಲಿನ ಖಣಿಗಳು, ಕಡಿದು ಆನಿಸಿ ನಿಲ್ಲಿಸಿದ ಹಾಸುಗಲ್ಲಿನ ಸಾಲುಗಳು, ಒಡೆದ ಚೂರುಗಳ ದಿಬ್ಬಗಳು, ಪಾಲಿಶ್ ಯಂತ್ರದ ಕೆಳಗಿನಿಂದ ಹರಿದುಬಂದು ಒಣಗಿದ ಬಿಳಿ ರಾಡಿ. ಮೇ ತಿಂಗಳ ಮಧ್ಯಾಹ್ನ ಅಲ್ಲಿ ನಿಂತರೆ ಗದ್ದದ ಕೆಳಗೂ ಬಿಸಿಲು ಬಡಿಯುತ್ತದೆ. ರಸ್ತೆ ಬದಿಯ ಬೇವಿನ ಎಲೆಗಳ ಮೇಲೆ ಮಳೆಗಾಲದವರೆಗೂ ತೊಳೆಯದ ಧೂಳು. ಕ್ಯಾಮೆರಾ ಹಿಡಿಯುವುದನ್ನು ನಾನು ಕಲಿತದ್ದು ಈ ಬೆಳಕಿನಲ್ಲಿ. ಅದಕ್ಕೇ ಇರಬೇಕು, ಕ್ಯಾಮೆರಾದ ಮೈಮೇಲಿರುವ ಎಲ್ಲ ಗುಂಡಿಗಳಲ್ಲಿ ನನಗೆ ಹೆಚ್ಚು ಪ್ರೀತಿ ಒಂದರ ಮೇಲೆ. ಕೂಡಿಸುವ ಮತ್ತು ಕಳೆಯುವ ಚಿಹ್ನೆಗಳೆರಡನ್ನೂ ಒಟ್ಟಿಗೆ ಹೊತ್ತ ಪುಟ್ಟ ಗುಂಡಿ ಅದು. ಕ್ಯಾಮೆರಾದ ಕೈಪಿಡಿಯಲ್ಲಿ ಅದರ ಹೆಸರು ಎಕ್ಸ್‌ಪೋಷರ್ ಕಾಂಪೆನ್ಸೇಶನ್. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಬರೀ ಪ್ಲಸ್-ಮೈನಸ್.

ಅದರ ಕೆಲಸ ತಿಳಿಯಬೇಕಾದರೆ ಮೊದಲು ಮೀಟರಿನ ಸ್ವಭಾವ ತಿಳಿಯಬೇಕು. ಕ್ಯಾಮೆರಾದೊಳಗಿನ ಮೀಟರು ಸೂರ್ಯನ ಬೆಳಕನ್ನು ಅಳೆಯುವುದಿಲ್ಲ. ಎದುರಿನ ವಸ್ತುವಿಗೆ ತಾಗಿ ಮರಳಿದ ಬೆಳಕನ್ನು ಅಳೆಯುತ್ತದೆ. ಬೆಳಕು ಹೆಚ್ಚಾಗಿ ಬಂದರೆ ಅದು ಬಿಸಿಲು ಜೋರಾಗಿದ್ದರಿಂದಲೋ, ವಸ್ತುವೇ ಬೆಳ್ಳಗಿರುವುದರಿಂದಲೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಅದಕ್ಕೊಂದು ನಂಬಿಕೆ ಕಲಿಸಿಟ್ಟಿದ್ದಾರೆ: ಲೋಕ ಸರಾಸರಿಯಾಗಿ ನಡುಮಧ್ಯದ ಬೂದು ಬಣ್ಣದ್ದು. ಫೋಟೊ ಅಂಗಡಿಗಳಲ್ಲಿ ಸಿಗುವ ಬೂದು ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಪ್ರತಿಶತ 18ರಷ್ಟನ್ನು ಮರಳಿಸುತ್ತದಲ್ಲ, ಹೆಚ್ಚುಕಡಿಮೆ ಆ ಬೂದು. ಎಲ್ಲ ಪಾತ್ರೆಗೂ ಒಂದೇ ಹಿಡಿ ಉಪ್ಪು ಹಾಕುವ ಅಡುಗೆಯವರಂತೆ ಮೀಟರು ಎದುರಿಗೆ ಬಂದದ್ದನ್ನೆಲ್ಲ ಆ ಬೂದಿಗೆ ತಂದು ನಿಲ್ಲಿಸುತ್ತದೆ. ಒಳ್ಳೆಯ ಬಿಳಿ ಕಾಗದ ಪ್ರತಿಶತ 90ರಷ್ಟು ಬೆಳಕು ಮರಳಿಸುತ್ತದೆ, ಅಂದರೆ ಬೂದು ಕಾರ್ಡಿನ ಐದು ಪಟ್ಟು. ಅದನ್ನು ಬಿಳಿಯಾಗಿಯೇ ಕಾಣಿಸಬೇಕೆಂದರೆ ಮೀಟರು ಹೇಳಿದ್ದಕ್ಕಿಂತ ಎರಡು ಸ್ಟಾಪಿಗೂ ಸ್ವಲ್ಪ ಹೆಚ್ಚು ಬೆಳಕು ಕೊಡಬೇಕು. ಒಂದು ಸ್ಟಾಪ್ ಎಂದರೆ ಬೆಳಕಿನ ದುಪ್ಪಟ್ಟು ಅಥವಾ ಅರ್ಧ. ಅದನ್ನು ಮೂರು ಪಾಲು ಮಾಡಿ, ಒಂದೊಂದು ಪಾಲಾಗಿ ಏರಿಸಲು ಇಳಿಸಲು ಬಿಡುವುದೇ ಈ ಗುಂಡಿಯ ಕೆಲಸ. ಗುಂಡಿ ಒತ್ತಿ ಹಿಡಿದು ಹೆಬ್ಬೆರಳಿನಿಂದ ಚಕ್ರ ತಿರುಗಿಸಿದರೆ ಸಾಕು. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಗಲ, ನಾವು ಆರಿಸಿಕೊಂಡಿದ್ದರೆ ಶಟರಿನ ವೇಗ ಬದಲಾಗುತ್ತದೆ, ಶಟರ್ ನಾವು ಆರಿಸಿದ್ದರೆ ಅಪರ್ಚರ್.

ಈ ನಡುಮಧ್ಯದ ಬೂದು ನಮ್ಮ ಸೀಮೆಯಲ್ಲಿ ಸಿಗುವುದೇ ಅಪರೂಪ. ವಾಡಿ, ಶಹಾಬಾದುಗಳಲ್ಲಿ ಸುಣ್ಣದಕಲ್ಲಿನ ಬಿಳುಪು. ಅಲ್ಲಿಂದ ಚಿತ್ತಾಪುರ ದಾಟಿ ಸೇಡಂ ಕಡೆ ಹೊರಟರೆ ಎರೆ ಹೊಲದ ಕಪ್ಪು. ಈ ಎರಡರ ನಡುವೆ ಕೆಲವು ಕಡೆ ಒಂದು ಬದುವಿನಷ್ಟೇ ಅಂತರ: ಎರೆಯ ಪದರವನ್ನು ಸರಿಸಿದರೆ ಕೆಳಗೆ ಫರ್ಸಿ. ಒಂದೇ ಚಿತ್ರದಲ್ಲಿ ಎರಡೂ ಬರುತ್ತವೆ.

ನನ್ನ ಉಸ್ತಾದರ ಸ್ಟುಡಿಯೋ ವಾಡಿ ಸ್ಟೇಷನ್ನಿಗೆ ಹತ್ತಿರವಿತ್ತು. ಮುಂಬೈ-ಮದ್ರಾಸ್ ಮಾರ್ಗದಿಂದ ಕವಲೊಡೆದು ನಿಜಾಮರ ರೈಲು 1874ರಲ್ಲಿ ಸಿಕಂದರಾಬಾದಿಗೆ ಹೊರಟದ್ದು ಈ ವಾಡಿಯಿಂದ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಹಾದು ಹೋಗುವ ಅದೇ ಹಾದಿಯಲ್ಲಿ ನಮ್ಮ ಫಿಲ್ಮು, ಆಲ್ಬಮ್ಮು, ಫ್ಲ್ಯಾಶಿನ ಸೆಲ್ಲು ಎಲ್ಲ ಹೈದರಾಬಾದಿನಿಂದ ಬರುತ್ತಿದ್ದವು. ಉಸ್ತಾದರ ಬಳಿ ಇದ್ದದ್ದು ನಿಕಾನ್ ಎಫ್‌ಎಂ10. ಅದರಲ್ಲಿ ಪ್ಲಸ್-ಮೈನಸ್ ಗುಂಡಿ ಇಲ್ಲ. ಆದರೆ ಅವರು ಖಣಿಗೆ ಹೊರಟಾಗ 100 ಎಎಸ್‌ಎ ಫಿಲ್ಮ್ ಹಾಕಿದ ಕ್ಯಾಮೆರಾದಲ್ಲಿ ಫಿಲ್ಮಿನ ವೇಗ ಹೇಳುವ ಬಿಲ್ಲೆಯನ್ನು 50ಕ್ಕೆ ತಿರುಗಿಸಿಡುತ್ತಿದ್ದರು. ಫಿಲ್ಮ್ ಮಂದಗತಿಯದು ಎಂದು ನಂಬಿದ ಮೀಟರು ಒಂದು ಸ್ಟಾಪ್ ಹೆಚ್ಚು ಬೆಳಕು ಕೇಳುತ್ತಿತ್ತು. ಮನೆಗೆ ಬಂದೊಡನೆ ಮತ್ತೆ 100. ಕೊಡಕ್ ಫಿಲ್ಮಿನ ಜೊತೆ ಬರುತ್ತಿದ್ದ ಸೂಚನೆಯಲ್ಲಿ ಸೂರ್ಯ, ಮೋಡ, ನೆರಳುಗಳ ಜೊತೆಗೆ ಹಿಮಕ್ಕೂ ಮರಳದಂಡೆಗೂ ಬೇರೆ ಲೆಕ್ಕ ಇರುತ್ತಿತ್ತು. ನಮಗೆ ಹಿಮವೂ ಇಲ್ಲ, ಸಮುದ್ರವೂ ಇಲ್ಲ. ಖಣಿಯ ಲೆಕ್ಕವನ್ನು ಉಸ್ತಾದರು ತಾವೇ ಕಟ್ಟಿಕೊಂಡಿದ್ದರು.

ಆಗ ಇನ್ನೊಬ್ಬರ ಕೈಯೂ ಈ ಕೆಲಸದಲ್ಲಿ ಇತ್ತು, ಅದನ್ನು ಯಾರೂ ನೆನೆಯುವುದಿಲ್ಲ. ರೀಲುಗಳು ಕಲಬುರಗಿಯ ಕಲರ್ ಲ್ಯಾಬಿಗೆ ಹೋಗುತ್ತಿದ್ದವು. ಅಲ್ಲಿ ಪ್ರಿಂಟ್ ಹಾಕುವ ಹುಡುಗ ಪ್ರತಿ ನೆಗೆಟಿವನ್ನು ಒಂದು ಕ್ಷಣ ನೋಡಿ, ಯಂತ್ರದ ಮೇಲಿನ ಕೂಡುವ ಕಳೆಯುವ ಕೀಲಿ ಒತ್ತಿ, ಮುಂದಿನದಕ್ಕೆ ಹೋಗುತ್ತಿದ್ದ. ಕಪ್ಪು ಮಾರಿಯವರು, ಅಂದರೆ ಕಪ್ಪು ಮುಖದವರು, ಬಿಳಿ ಕಲ್ಲಿನ ಮುಂದೆ ನಿಂತ ಚಿತ್ರವನ್ನು ಅವನೇ ಅರ್ಧ ಸರಿಮಾಡುತ್ತಿದ್ದ. ನೆಗೆಟಿವ್ ಫಿಲ್ಮಿಗೆ ಹೆಚ್ಚು ಬೆಳಕನ್ನು ತಾಳಿಕೊಳ್ಳುವ ಗುಣವೂ ಇತ್ತು. ಎರಡು ಸ್ಟಾಪ್ ಹೆಚ್ಚಾದರೂ ಅದರಿಂದ ಚಿತ್ರ ಬರುತ್ತಿತ್ತು. ಡಿಜಿಟಲ್ ಬಂದಾಗ ಆ ಹುಡುಗನ ಕೀಲಿ ನಮ್ಮ ತೋರುಬೆರಳಿನ ಕೆಳಗೆ ಬಂತು. ಅದರ ಜೊತೆಗೆ ತಾಳಿಕೆಯೂ ಕಡಿಮೆಯಾಯಿತು. ಸೆನ್ಸರಿನ ಮೇಲೆ ಬೆಳಕು ತುಂಬಿ ತುಳುಕಿದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಅದು ಬರೀ ಬಿಳಿ, ಯಾವ ಲ್ಯಾಬಿನಲ್ಲೂ ಮರಳಿ ಬಾರದು.

ನಾನು ಹೈದರಾಬಾದಿನ ಅಬಿಡ್ಸ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಕ್ಯಾಮೆರಾ ನಿಕಾನ್ ಡಿ90, 2008ರಲ್ಲಿ ಬಂದ ಮಾದರಿ. ಶಟರ್ ಗುಂಡಿಯ ಹಿಂದೆಯೇ ಪ್ಲಸ್-ಮೈನಸ್. ಕಣ್ಣು ತೆಗೆಯದೆ ಬೆರಳಿಗೆ ಸಿಗುತ್ತದೆ. ಈ ಕ್ಯಾಮೆರಾಗಳ ಮೀಟರು ದಡ್ಡನೂ ಅಲ್ಲ. ನಿಕಾನ್ 1983ರಲ್ಲಿ ಎಫ್‌ಎ ಎಂಬ ಮಾದರಿಯಲ್ಲಿ ಚಿತ್ರವನ್ನು ತುಂಡು ತುಂಡು ಮಾಡಿ ಅಳೆಯುವ ಪದ್ಧತಿ ತಂದಿತು. ಅದು ಬೆಳೆಯುತ್ತ ಬೆಳೆಯುತ್ತ ಬಣ್ಣ, ದೂರ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟಾಯಿತು. ಸಾಧಾರಣ ದೃಶ್ಯಗಳಲ್ಲಿ ಅದರ ತೀರ್ಪು ನನ್ನದಕ್ಕಿಂತ ಚೆನ್ನಾಗಿರುತ್ತದೆ. ಆದರೆ ಚೌಕಟ್ಟಿನ ತುಂಬ ಸುಣ್ಣದಕಲ್ಲು, ನಡುವೆ ಒಬ್ಬ ಮನುಷ್ಯ ಎಂಬ ದೃಶ್ಯದಲ್ಲಿ ಅದೂ ಕಲ್ಲಿನ ಮಾತನ್ನೇ ಕೇಳುತ್ತದೆ. ಕಲ್ಲು ಚಂದದ ಬೂದಾಗುತ್ತದೆ, ಮನುಷ್ಯ ಕತ್ತಲಾಗುತ್ತಾನೆ.

ಫರ್ಸಿಯನ್ನು ನೋಡದವರು ಕಡಿಮೆ. ಹೆಸರು ತಿಳಿಯದೆ ಅದರ ಮೇಲೆ ನಡೆದವರೇ ಹೆಚ್ಚು. ದಖ್ಖನ್ನಿನ ಎಷ್ಟೋ ಶಾಲೆಗಳ ನೆಲ, ರೈಲ್ವೆ ಪ್ಲಾಟ್‌ಫಾರ್ಮು, ಅಡುಗೆಮನೆಯ ಕಟ್ಟೆ, ಮನೆ ಮುಂದಿನ ಜಗಲಿ ಎಲ್ಲ ಶಹಾಬಾದ್ ಕಲ್ಲಿನವು. ಭೀಮಾ ಕಣಿವೆಯ ಈ ಸುಣ್ಣದಕಲ್ಲು ಪುರಾತನ ಕಡಲ ತಳದಲ್ಲಿ ಪದರ ಪದರವಾಗಿ ಕೂತದ್ದು. ಆದ್ದರಿಂದ ಉಳಿ ಮತ್ತು ಸುತ್ತಿಗೆಗೆ ಪದರವಾಗಿಯೇ ಏಳುತ್ತದೆ. ಅದನ್ನು ಎಬ್ಬಿಸಿ ನೆಟ್ಟಗೆ ಹಿಡಿದು ಬೆನ್ನಿಗೆ, ತಲೆಗೆ ಕೊಟ್ಟು ಲಾರಿಗೆ ಏರಿಸುವ ಜನರ ಚಿತ್ರಗಳನ್ನು ನಾನು ವರ್ಷಗಟ್ಟಲೆ ತೆಗೆದೆ. ಪತ್ರಿಕೆಗೆ ಕೆಲವು, ಸಂಘದವರು ಕೇಳಿದ್ದಕ್ಕೆ ಕೆಲವು. ಹೆಚ್ಚಿನವು ಅವರೇ ಕೇಳಿ ತೆಗೆಸಿಕೊಂಡವು. ಹಬ್ಬಕ್ಕೆ ಊರಿಗೆ ಹೋಗುವ ಮುನ್ನ ಗಂಡ, ಹೆಂಡತಿ, ಮಕ್ಕಳು, ಹಿಂದೆ ತಾವು ಎಬ್ಬಿಸಿದ ಕಲ್ಲಿನ ಗೋಡೆ. ಸ್ಟುಡಿಯೋದ ಪರದೆ ಬೇಡ ಎನ್ನುತ್ತಿದ್ದರು. ತಮ್ಮ ಕೆಲಸ ಹಿಂದೆ ಕಾಣಬೇಕು.

ಉಸ್ತಾದರು ನನಗೆ ಪಾಠ ಹೇಳಿಕೊಟ್ಟದ್ದು ಇಂಥ ಚಿತ್ರದಲ್ಲೇ. ಖಣಿಯಲ್ಲಿ ಅವರ ಪಕ್ಕ ನಿಂತು ನನ್ನ ಕ್ಯಾಮೆರಾದ ಪರದೆಯ ಮೇಲೆ ಚಿತ್ರ ನೋಡುತ್ತಿದ್ದೆ. ಒಂದು ಸ್ಟಾಪಿಗೆ ಒಂದು ಪಾಲು ಹೆಚ್ಚೇ ಕೂಡಿಸಿ ತೆಗೆದ ಚಿತ್ರದಲ್ಲಿ ಆಕಾಶ ಪೂರ್ತಿ ಬಿಳಿಯಾಗಿತ್ತು. ಬೆಳಕು ತುಂಬಿದ ಜಾಗ ಮಿಣುಕುವಂತೆ ಎಚ್ಚರಿಕೆ ಹಚ್ಚಿಟ್ಟಿದ್ದರಿಂದ ಮೇಲಿನ ಅರ್ಧ ಚಿತ್ರ ಮಿಣುಕುತ್ತಿತ್ತು. ಕಡಿಮೆ ಮಾಡಲೇ ಎಂದು ಕೇಳಿದೆ. ಅವರು ಪರದೆಯನ್ನು ಅಂಗೈಯಿಂದ ಮರೆಮಾಡಿ ನೋಡಿ ಅಂದರು: ‘ಮುಗಲ ಹೋದ್ರ ಹೋಗ್ಲಿ, ಮಾರಿ ಉಳೀಲಿ. ಮುಗಲ ನಾಳೀನೂ ಇರ್ತದ.’

ಇದು ಯಾವ ಕೈಪಿಡಿಯಲ್ಲೂ ಇಲ್ಲ. ಕೈಪಿಡಿಗಳು ಬಿಳಿಯನ್ನು ಕಾಪಾಡು, ಸುಟ್ಟ ಆಕಾಶ ದೋಷ ಎನ್ನುತ್ತವೆ. ನಿಸರ್ಗದ ಚಿತ್ರಕ್ಕೆ ಅದು ಸರಿ. ಖಣಿಯ ಚಿತ್ರಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಸೆನ್ಸರಿನಲ್ಲಿ ಎಲ್ಲದಕ್ಕೂ ಜಾಗವಿಲ್ಲದಾಗ ಯಾವುದನ್ನು ಬಿಡಬೇಕು ಎಂಬುದನ್ನು ಯಾರೋ ತೀರ್ಮಾನಿಸಲೇಬೇಕು. ನಾವು ತೀರ್ಮಾನಿಸದಿದ್ದರೆ ಮೀಟರು ತೀರ್ಮಾನಿಸುತ್ತದೆ, ಮತ್ತು ಅದು ಪ್ರತಿ ಬಾರಿಯೂ ಮುಖವನ್ನೇ ಬಿಡುತ್ತದೆ. ನಮ್ಮ ಖಣಿಗಳಿಗೆ ಒಂದು ಒಳ್ಳೆಯ ಗುಣವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೆಳಗಿನಿಂದ ಏಳುವ ಬೆಳಕು ಹುಬ್ಬಿನ ಕೆಳಗೆ, ಗದ್ದದ ಕೆಳಗೆ ನುಗ್ಗಿ ನೆರಳನ್ನು ತುಂಬುತ್ತದೆ. ಊರೊಳಗೆ ಮಧ್ಯಾಹ್ನ ನಿಲ್ಲಿಸಿ ತೆಗೆದರೆ ಕಣ್ಣು ಗುಳಿಯಾಗಿ ಕಾಣುವ ಮುಖವೇ ಖಣಿಯಲ್ಲಿ ತುಂಬಿಕೊಂಡು ಕಾಣುತ್ತದೆ. ಒಂದು ಸ್ಟಾಪ್, ಒಂದು ಸ್ಟಾಪಿನ ಮೇಲೊಂದು ಪಾಲು, ಬಿಳಿ ಧೋತರ ಉಟ್ಟ ಹಿರಿಯರಾದರೆ ಮೂರರಲ್ಲಿ ಎರಡು ಪಾಲು. ಅಷ್ಟು ಕೂಡಿಸಿದರೆ ಫ್ಲ್ಯಾಶೇ ಬೇಡ.

ಮುಖ ಉಳಿಯಲಿ ಎಂದದ್ದರ ಪೂರ್ತಿ ಅರ್ಥ ನನಗೆ ತಿಳಿದದ್ದು ಸ್ಟುಡಿಯೋದ ಕೌಂಟರಿನಲ್ಲಿ. ಯಾವ ಸಣ್ಣ ಊರಿನ ಸ್ಟುಡಿಯೋದವರನ್ನಾದರೂ ಕೇಳಿ, ಅವರು ಇದನ್ನು ಹೇಳುತ್ತಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಜನ ಒಂದು ಹಳೆಯ ಗುಂಪು ಫೋಟೊ ತರುತ್ತಾರೆ. ಅದರಲ್ಲಿ ಹಿಂದಿನ ಸಾಲಿನಲ್ಲಿ ನಿಂತವರನ್ನು ಬೆರಳಿಟ್ಟು ತೋರಿಸಿ, ಇವರೊಬ್ಬರನ್ನೇ ದೊಡ್ಡದು ಮಾಡಿಕೊಡಿ, ಹಾರ ಹಾಕಬೇಕು ಎನ್ನುತ್ತಾರೆ. ಖಣಿಯಲ್ಲಿ ದುಡಿದವರ ಮನೆಗಳಲ್ಲಿ ಬಹಳ ಸಲ ಆ ಮನುಷ್ಯನ ಒಂಟಿ ಚಿತ್ರವೇ ಇರುವುದಿಲ್ಲ. ಇದ್ದರೆ ಓಟಿನ ಚೀಟಿಯಲ್ಲಿ ಅಂಚೆಚೀಟಿಯಷ್ಟು. ಮೂಲ ಫೈಲಿನಲ್ಲಿ ಮುಖಕ್ಕೆ ಬೆಳಕು ಬಿದ್ದಿದ್ದರೆ ಕಣ್ಣಿನ ಹೊಳಪು, ಹಣೆಯ ಗೆರೆ, ಕಿವಿಯ ಒಂಟಿ, ಎಲ್ಲ ಮೇಲೇಳುತ್ತವೆ. ಬಿದ್ದಿರದಿದ್ದರೆ, ಕಂಪ್ಯೂಟರಿನಲ್ಲಿ ಎಷ್ಟು ಎತ್ತಿದರೂ ಕೆಂಪು ಹಸಿರು ಚುಕ್ಕೆಗಳ ಮಂಜಷ್ಟೇ ಸಿಗುತ್ತದೆ. ಕೌಂಟರಿನ ಆಚೆ ನಿಂತವರು ಆ ಮಂಜಿನೊಳಗೆ ಅಪ್ಪನನ್ನು ಹುಡುಕುವುದನ್ನು ನೋಡಿದ ಮೇಲೆ ಯಾರೂ ಪ್ಲಸ್-ಮೈನಸ್ ಗುಂಡಿಯನ್ನು ಹಗುರವಾಗಿ ತಿಳಿಯಲಾರರು. ಉಸ್ತಾದರ ಖಣಿಯ ಚಿತ್ರಗಳಿಂದ ಎದ್ದ ಮುಖಗಳು ಇವತ್ತಿಗೂ ಈ ಭಾಗದ ಎಷ್ಟೋ ಮನೆಯ ಗೋಡೆಗಳ ಮೇಲಿವೆ. ಹಿಂದೆ ಆಕಾಶ ಇಲ್ಲ, ಬರೀ ಬಿಳಿ.

ಎರೆಯ ಕಡೆ ಬಂದರೆ ಲೆಕ್ಕ ತಿರುವುಮುರುವು. ಮೃಗಶಿರಾ ಮಳೆ ಬಿದ್ದ ಮೇಲೆ ಸೇಡಂ ಸುತ್ತಿನ ಹೊಲ ನೋಡಬೇಕು. ಒದ್ದೆ ಎರೆಯ ಕಪ್ಪಿಗೆ ಒಂದು ಆಳ ಇದೆ, ಎಮ್ಮೆಯ ಮೈಯ ಹಾಗೆ ನೀಲಿಯ ಸೆಳಕೂ ಇದೆ. ಮೀಟರು ಇದನ್ನೂ ಬೂದಿಗೆ ಎಳೆಯುತ್ತದೆ, ಬೆಳಕು ಹೆಚ್ಚು ಕೊಡುತ್ತದೆ. ಹೊಲ ಬೂದಿ ಚೆಲ್ಲಿದಂತೆ, ಬಿತ್ತುವವರ ರುಂಬಾಲು ಸುಟ್ಟ ಬಿಳಿಯಂತೆ ಬರುತ್ತದೆ. ಮೂರರಲ್ಲಿ ಎರಡು ಪಾಲು ಕಳೆದರೆ ಎರೆ ಎರೆಯಾಗುತ್ತದೆ, ಒಂದು ಸ್ಟಾಪ್ ಕಳೆದರೆ ಅದರ ಒದ್ದೆಯೂ ಕಾಣುತ್ತದೆ.

ಇದು ಚಂದದ ಮಾತಷ್ಟೇ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಕಲಬುರಗಿ ಜಿಲ್ಲೆಯ ಬದುಕು ತೊಗರಿಯ ಮೇಲೆ ನಿಂತಿದೆ. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ತೊಗರಿಗೆ ನೀರು ನಿಂತರೆ ಆಗದು. ಬೇರು ಕೊಳೆಯುತ್ತದೆ, ಆಮೇಲೆ ನೆಟೆ ರೋಗ. 2020ರ ಅಕ್ಟೋಬರಿನಲ್ಲಿ ಭೀಮಾ ಮತ್ತು ಕಾಗಿಣಾ ಉಕ್ಕಿದಾಗ ರೈತರು ಹಾಳಾದ ಬೆಳೆಯ ಚಿತ್ರ ಬೇಕೆಂದು ಬಂದರು, ಅರ್ಜಿಯ ಜೊತೆ ಲಗತ್ತಿಸಲು. ಮೊಬೈಲಿನಲ್ಲಿ ಅವರೇ ತೆಗೆದ ಚಿತ್ರಗಳಲ್ಲಿ ನೀರು ನಿಂತ ಹೊಲ ಒಣಗಿದ ಹೊಲದಂತೆ ಬೆಳ್ಳಗೆ ಕಾಣುತ್ತಿತ್ತು. ಮೋಡದ ದಿನ, ನೆಲ ಕಪ್ಪು, ಯಂತ್ರ ಎಲ್ಲವನ್ನೂ ಎತ್ತಿ ತೋರಿಸಿತ್ತು. ನೋಡಿದವರು ನೀರೆಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ. ನಾವು ಹೋಗಿ ಒಂದು ಸ್ಟಾಪ್ ಕಳೆದು, ನೀರಿನ ಮೇಲೆ ಮುಗಿಲಿನ ಹೊಳಪು ಬೀಳುವ ಬದಿಯಿಂದ ತೆಗೆದೆವು. ಸಾಲಿನ ನಡುವೆ ನೀರು ಬೇರೆಯಾಗಿ, ಎರೆ ಬೇರೆಯಾಗಿ, ಬಾಡಿದ ಗಿಡ ಬೇರೆಯಾಗಿ ಕಂಡಿತು. ಖಣಿಯಲ್ಲಿ ಕೂಡಿಸುವುದು ಎಷ್ಟು ಮುಖ್ಯವೋ ಹೊಲದಲ್ಲಿ ಕಳೆಯುವುದು ಅಷ್ಟೇ ಮುಖ್ಯ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕಾದರೆ ಯಂತ್ರ ಕೊಟ್ಟದ್ದನ್ನು ಹಾಗೇ ಒಪ್ಪಿಕೊಳ್ಳುವುದು ದಾರಿಯಲ್ಲ.

ನನ್ನ ಜೊತೆಯವರು ಕೆಲವರು ವಾದಿಸುತ್ತಾರೆ: ರಾ ಫೈಲಿನಲ್ಲಿ ತೆಗೆದುಬಿಡು, ಆಮೇಲೆ ಕಂಪ್ಯೂಟರಿನಲ್ಲಿ ಎತ್ತಬಹುದು ಇಳಿಸಬಹುದು, ಗುಂಡಿಯ ಹಂಗೇಕೆ? ಇಂದಿನ ಸೆನ್ಸರುಗಳಲ್ಲಿ ಇದು ಬಹುಮಟ್ಟಿಗೆ ನಿಜ. ಡಿ90 ಕಾಲದವುಗಳಲ್ಲಿ ಎತ್ತಿದ ನೆರಳಿನೊಳಗೆ ಚುಕ್ಕೆ ಬರುತ್ತಿತ್ತು, ಈಗಿನವು ಎಷ್ಟೋ ವಾಸಿ. ಆದರೂ ನಾನು ಜಾಗದಲ್ಲೇ ಸರಿಮಾಡುವವನು. ಸಂಜೆಗೆ ಪ್ರಿಂಟ್ ಕೇಳುವ ಊರುಗಳಲ್ಲಿ ರಾತ್ರಿಯಿಡೀ ಕಂಪ್ಯೂಟರಿನ ಮುಂದೆ ಕೂರಲಾಗದು ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ. ಒದ್ದೆ ಎರೆ ಎಷ್ಟು ಕಪ್ಪಿತ್ತು ಎಂಬುದು ಆ ಹೊಲದ ಬದುವಿನ ಮೇಲೆ ನಿಂತಾಗ ಮಾತ್ರ ಗೊತ್ತಿರುತ್ತದೆ. ಮೂರು ದಿನ ಬಿಟ್ಟು ಕೋಣೆಯೊಳಗೆ ಕೂತರೆ ಚಂದ ಕಾಣುವುದರ ಕಡೆ ಕೈ ಹೋಗುತ್ತದೆ. ಜಾಗದಲ್ಲೇ ನಿರ್ಧರಿಸುವುದು ಹೊಸ ಮಾತೂ ಅಲ್ಲ. ಈ ಸೀಮೆ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿದ್ದಾಗ ಅವರ ಆಸ್ಥಾನದ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್. ಅವರ ಕ್ಯಾಮೆರಾದಲ್ಲಿ ಮೀಟರೇ ಇರಲಿಲ್ಲ. ಬಿಸಿಲು ನೋಡಿ, ಗಾಜಿನ ತಟ್ಟೆಗೆ ಎಷ್ಟು ಹೊತ್ತು ಬೆಳಕು ಬೇಕೆಂದು ತಾವೇ ನಿರ್ಧರಿಸುತ್ತಿದ್ದರು. ಆ ನಿರ್ಧಾರದ ಅಭ್ಯಾಸವನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಗುಂಡಿಯ ಶಕ್ತಿಗೆ ಮಿತಿ ಇದೆ ಎಂಬುದನ್ನು ಕಲಿಸಿದ್ದು ಸನ್ನತಿ. ಚಿತ್ತಾಪುರ ತಾಲೂಕಿನ ಭೀಮಾ ದಂಡೆಯ ಆ ಊರಿನಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಆಮೇಲೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯ ಉತ್ಖನನ ನಡೆದು ದೊಡ್ಡ ಸ್ತೂಪವೇ ಹೊರಬಂತು. ರಾಯ ಅಶೋಕ ಎಂದು ಬ್ರಾಹ್ಮಿ ಅಕ್ಷರಗಳಲ್ಲಿ ಹೆಸರು ಕೊರೆದ ರಾಜನ ಉಬ್ಬುಶಿಲ್ಪ ಸಿಕ್ಕಿದ್ದೂ ಅಲ್ಲಿ. ಆ ಶಿಲ್ಪಗಳ ಕಲ್ಲೂ ಸುಣ್ಣದಕಲ್ಲೇ. ತಿಳಿ ಬಣ್ಣ, ತೆಳುವಾದ ಉಬ್ಬು. ಖಣಿಯ ಅಭ್ಯಾಸದಿಂದ ಅಲ್ಲಿ ಒಂದು ಸ್ಟಾಪ್ ಕೂಡಿಸಿದರೆ ಕಲ್ಲಿನ ಬಣ್ಣ ಸರಿಯಾಗುತ್ತದೆ, ಶಿಲ್ಪ ಮಾತ್ರ ಅಳಿಸಿಹೋಗುತ್ತದೆ. ಯಾಕೆಂದರೆ ಉಬ್ಬುಶಿಲ್ಪ ಕಾಣುವುದು ತನ್ನ ನೆರಳಿನಿಂದ. ನೆತ್ತಿಯ ಬಿಸಿಲಿನಲ್ಲಿ, ಮೋಡದ ಬೆಳಕಿನಲ್ಲಿ ಎಷ್ಟು ಕೂಡಿಸಿ ಕಳೆದರೂ ರಾಜನ ಜೊತೆಗಿನ ರಾಣಿಯ ಬಳೆ, ಚಾಮರದ ಎಳೆ ಕಾಣಿಸವು. ಬೆಳಗಿನ ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವ ಹೊತ್ತಿಗೆ ಕಾಯಬೇಕು. ಆಗ ಒಂದು ಪಾಲು ಕೂಡಿಸಿದರೂ ಸಾಕು, ಕೆಲವೊಮ್ಮೆ ಅದೂ ಬೇಡ. ಮಳಖೇಡದ ಕೋಟೆಗೂ ಇದೇ ಮಾತು. ರಾಷ್ಟ್ರಕೂಟರ ರಾಜಧಾನಿ, ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ ಊರು. ಅಲ್ಲಿನ ಗೋಡೆಗಳೂ ಇದೇ ನೆಲದ ಕಲ್ಲಿನವು. ಸಂಜೆ ಕಾಗಿಣಾ ಕಡೆಯಿಂದ ಬರುವ ಓರೆ ಬೆಳಕಿಲ್ಲದೆ ಅವು ಬರೀ ಕಲ್ಲುಕುಪ್ಪೆ.

ಚಿಂಚೋಳಿಗೆ ಹೋದರೆ ಮತ್ತೊಂದೇ ಲೋಕ. ಬಿಸಿಲುನಾಡಿನಲ್ಲಿ ಕಾಡಿದೆ ಎಂದರೆ ಹೊರಗಿನವರು ಈಗಲೂ ನಂಬುವುದಿಲ್ಲ. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಇರುವ ಆ ಕುರುಚಲು ಮತ್ತು ದಟ್ಟ ಕಾಡಿನ ಸುಮಾರು 134 ಚದರ ಕಿಲೋಮೀಟರ್ ಪ್ರದೇಶ 2011ರಲ್ಲಿ ವನ್ಯಜೀವಿ ಧಾಮವಾಯಿತು. ಮಳೆಗಾಲದ ಎತ್ತಿಪೋತದಲ್ಲಿ ಕಪ್ಪು ಬಂಡೆಯ ನಡುವೆ ಬಿಳಿ ನೀರು. ಚೌಕಟ್ಟಿನ ಹೆಚ್ಚಿನ ಭಾಗ ಬಂಡೆಯಾದ್ದರಿಂದ ಮೀಟರು ಅದಕ್ಕೆ ಬೆಳಕು ತುಂಬುತ್ತದೆ, ನೀರು ಸುಣ್ಣ ಬಳಿದ ಗೋಡೆಯಾಗುತ್ತದೆ. ಇಲ್ಲಿ ಕೈಪಿಡಿಯ ಮಾತು ಸರಿ: ಬಿಳಿಯನ್ನು ಕಾಪಾಡು, ಬಂಡೆ ಕಪ್ಪಾದರೆ ಆಗಲಿ. ಖಣಿಯಲ್ಲಿ ಆಕಾಶ ಬಿಟ್ಟವನು ಇಲ್ಲಿ ನೀರು ಬಿಡುವುದಿಲ್ಲ, ಇಲ್ಲಿ ನೋಡಬೇಕಾದ್ದೇ ನೀರು. ಆ ದಾರಿಯ ತಾಂಡಾಗಳಲ್ಲಿ ಹಿರಿಯ ಲಂಬಾಣಿ ಹೆಂಗಸರನ್ನು ತೆಗೆಯುವಾಗ ಕೈ ತುಂಬ ತೊಟ್ಟ ಬಿಳಿ ಬಳೆಗಳು, ರವಿಕೆಯ ಕನ್ನಡಿಗಳು, ಬಿಸಿಲಿಗೆ ಕಂದಿದ ಮುಖ ಮೂರೂ ಒಟ್ಟಿಗೆ ಬರುತ್ತವೆ. ಕನ್ನಡಿಗಳು ಮಿಂಚಲಿ, ಅವು ಇರುವುದೇ ಅದಕ್ಕೆ. ಬಳೆಯ ಗೆರೆ ಉಳಿಯುವಷ್ಟು, ಮುಖ ಕಾಣುವಷ್ಟು ಬೆಳಕು ಯಾವುದು ಎಂದು ಅವರ ಮುಂದೆ ನಿಂತೇ ಹುಡುಕಬೇಕು, ಮೊದಲೇ ಹೇಳುವ ಅಂಕಿ ಇಲ್ಲ. ಅವರನ್ನು ಬೇವಿನ ನೆರಳಿಗೆ ಕರೆದರೆ ಅರ್ಧ ಕೆಲಸ ಆಗಿಹೋಗುತ್ತದೆ.

ರಾತ್ರಿ ವಾಡಿಯ ಸಿಮೆಂಟ್ ಕಾರ್ಖಾನೆಯ ದೀಪಗಳಿಗೆ ಹೆಚ್ಚುಕಡಿಮೆ ಒಂದೂವರೆ ಸ್ಟಾಪ್ ಕಳೆಯುತ್ತೇನೆ. ಇಲ್ಲದಿದ್ದರೆ ಕತ್ತಲು ಕಂದು ಮಣ್ಣಾಗುತ್ತದೆ.

ಚರ್ಮದ ಬಣ್ಣದ ಮಾತನ್ನು ಹೇಳದೆ ಈ ನೆನಪು ಮುಗಿಯದು. ಕೊಡಕ್ ಕಂಪನಿ ದಶಕಗಳ ಕಾಲ ಲ್ಯಾಬುಗಳಿಗೆ ಕಳಿಸುತ್ತಿದ್ದ ಬಣ್ಣ ಸರಿದೂಗಿಸುವ ಮಾದರಿ ಕಾರ್ಡಿನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಚಿತ್ರ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಝೋನ್ ಪದ್ಧತಿಯ ಪಾಠದಲ್ಲೂ ಬಿಳಿಯರ ಮುಖ ನಡುಬೂದಿಗಿಂತ ಒಂದು ಮೆಟ್ಟಿಲು ಮೇಲೆ. ಅದನ್ನು ಅಳೆದು ಒಂದು ಸ್ಟಾಪ್ ಕೂಡಿಸು ಎನ್ನುತ್ತಾರೆ. ನಮ್ಮ ಖಣಿಯವರ, ಹೊಲದವರ ಮುಖ ನಡುಬೂದಿನ ಹತ್ತಿರವೇ ಇರುತ್ತದೆ, ಕೆಲವರದು ಅದಕ್ಕಿಂತ ಕೆಳಗೆ. ಸ್ಪಾಟ್ ಮೀಟರನ್ನು ಅವರ ಕೆನ್ನೆಯ ಮೇಲೆ ಇಟ್ಟರೆ ಕೂಡಿಸಬೇಕಾದ್ದೇನೂ ಇರುವುದಿಲ್ಲ. ಕೆಲವರಿಗೆ ಒಂದು ಪಾಲು ಕಳೆದರೇ ಬಣ್ಣ ನಿಜವಾಗುತ್ತದೆ. ಚೌಕಟ್ಟಿನ ತುಂಬ ಕಲ್ಲಿದ್ದಾಗ ನಾವು ಕೂಡಿಸುವುದು ಕಲ್ಲಿನ ಮೋಸಕ್ಕೆ ಪ್ರತಿಯಾಗಿ, ಮುಖವನ್ನು ಬೆಳ್ಳಗೆ ಮಾಡುವುದಕ್ಕಲ್ಲ.

ಸ್ಟುಡಿಯೋದಲ್ಲಿ ಈ ಗೆರೆ ಕಾಪಾಡುವುದು ಕಷ್ಟ. ‘ಸ್ವಲ್ಪ ಬೆಳ್ಳಗ ಮಾಡ್ರಿ’ ಎನ್ನದೆ ಮದುವೆ ಫೋಟೊ ತೆಗೆಸುವ ಮನೆಯೇ ಇಲ್ಲ. ಹುಡುಗಿಗೆ ವರ ನೋಡಲು ಕಳಿಸುವ ಚಿತ್ರವಾದರೆ ತಾಯಿ ಕೌಂಟರಿನ ಮೇಲೆ ಬಾಗಿ ಕಿವಿಯಲ್ಲಿ ಹೇಳುತ್ತಾಳೆ. ಅವಳ ಆತಂಕ ಸುಳ್ಳಲ್ಲ, ಅದನ್ನು ಹುಟ್ಟಿಸಿದ ಲೋಕದ ಮೇಲೆ ನನಗೆ ಸಿಟ್ಟಿದೆ. ಅದೇ ಗುಂಡಿ, ಅದೇ ಪ್ಲಸ್. ಎರಡು ಪಾಲು ಹೆಚ್ಚಿಟ್ಟರೆ ಮುಖ ಬೆಳ್ಳಗಾಗುತ್ತದೆ, ಕೆನ್ನೆಯ ಮೇಲಿನ ಮೈಬಣ್ಣದ ಇಳಿಜಾರು ಹೋಗಿ ಹಾಳೆಯಂತೆ ಚಪ್ಪಟೆಯಾಗುತ್ತದೆ. ನಾನು ಆ ತಾಯಂದಿರಿಗೆ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸುತ್ತ ಬಂದಿದ್ದೇನೆ, ಒಂದು ಬೆಳ್ಳಗಿನದು, ಒಂದು ಚೆನ್ನಾಗಿ ಬೆಳಕು ಬಿದ್ದ ಕಪ್ಪಿನದು. ಎರಡನೆಯದರಲ್ಲಿ ಕಣ್ಣು ಹೇಗಿದೆ ನೋಡಿ ಎನ್ನುತ್ತೇನೆ. ಬಹಳ ಮಂದಿ ಎರಡನೆಯದನ್ನು ಒಯ್ದಿದ್ದಾರೆ. ಕೆಲವರು ಮೊದಲನೆಯದನ್ನೂ ಜೊತೆಗೆ ಒಯ್ದಿದ್ದಾರೆ. ಈಗ ಮೊಬೈಲುಗಳು ಕೇಳದೆಯೇ ಮುಖ ತೊಳೆದು ಕೊಡುತ್ತವೆ. ಅವುಗಳ ಪರದೆ ಮುಟ್ಟಿದರೆ ಮೂಡುವ ಪುಟ್ಟ ಸೂರ್ಯನೂ ಇದೇ ಪ್ಲಸ್-ಮೈನಸ್ ಎಂದು ತಿಳಿಯದೆ ಮಕ್ಕಳು ಅದನ್ನು ಮೇಲೆ ಕೆಳಗೆ ಜಾರಿಸುತ್ತಾರೆ. ಯಾರಾದರೂ ಸ್ಟುಡಿಯೋಗೆ ಬಂದರೆ ನಾನು ಮೊದಲು ಹೇಳಿಕೊಡುವುದು ಅದನ್ನೇ: ಬೆರಳನ್ನು ಮುಖದ ಮೇಲಿಡು, ಆಮೇಲೆ ಸೂರ್ಯನನ್ನು ಜಾರಿಸು, ಆ ಮನುಷ್ಯ ನಿನ್ನ ಎದುರಿಗೆ ಹೇಗಿದ್ದಾನೋ ಅಲ್ಲಿಗೆ ನಿಲ್ಲಿಸು.

ಮೊನ್ನೆ ಶಹಾಬಾದಿನ ಒಂದು ಖಣಿಗೆ ಜೊತೆಗೆ ಬಂದವನು ಹೊಸ ಹುಡುಗ. ಅವನ ಕೈಯಲ್ಲಿ ಮಿರರ್‌ಲೆಸ್ ಕ್ಯಾಮೆರಾ. ಅದರ ಕಿಂಡಿಯಲ್ಲಿ ಚಿತ್ರ ತೆಗೆಯುವ ಮೊದಲೇ ಬೆಳಕು ಹೇಗೆ ಬರುತ್ತದೆಂದು ಕಾಣುತ್ತದೆ, ನಮ್ಮ ಹಾಗೆ ಮನಸ್ಸಿನಲ್ಲಿ ಲೆಕ್ಕ ಹಾಕಬೇಕಿಲ್ಲ. ಎರಡು ಪಾಲು ಕೂಡಿಸಿ ನಿಲ್ಲಿಸಿದ. ಇನ್ನೂ ಎರಡು ಪಾಲು ಎಂದೆ. ಮುಗಿಲು ಹೋಗುತ್ತದಲ್ಲ ಎಂದ. ಹೋಗಲಿ ಎಂದೆ. ಅವನು ಒಂದು ಗಳಿಗೆ ಕಿಂಡಿಯೊಳಗೆ ಕಣ್ಣಿಟ್ಟು ನೋಡಿ, ಚಕ್ರ ತಿರುಗಿಸಿದ. ಎದುರಿಗೆ ನಿಂತ ಹೆಣ್ಣುಮಗಳು ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದಿದ್ದಳು. ಆದ ಕೂಡಲೇ ಬಂದು ಸೆರಗಿನಿಂದ ಪರದೆಗೆ ನೆರಳು ಮಾಡಿಕೊಂಡು ನೋಡಿದಳು. ‘ಎರಡ ಕಾಪಿ ತರ್ರಿ,’ ಅಂದಳು, ‘ಒಂದ ನಮ್ಮ ತವರಮನಿಗಿ ಕಳಸಬೇಕು.’